ದಾರಿಯಲ್ಲಿ ಬೈಕ್ ನಿಲ್ಲಿಸಿ ಇಳಿದವರ ನೆರವು: ಒಂದು ಕೃತಜ್ಞ ವಿಮರ್ಶೆ

ಹಣ ಕೊಟ್ಟು ಪಡೆದ ಸೇವೆಯ ಬಗ್ಗೆ ಮೆಚ್ಚುಗೆಯನ್ನೋ ದೂರನ್ನೋ ಬರೆಯುವುದು ನಮಗೆಲ್ಲ ರೂಢಿಯಾಗಿದೆ. ನಾನಿಲ್ಲಿ ಬರೆಯಲು ಹೊರಟಿರುವುದು ಯಾರೂ ಹಣ ಕೇಳದ, ಯಾವ ಸಂಸ್ಥೆಯ ಹೆಸರೂ ಅಂಟಿಕೊಂಡಿರದ ಒಂದು ಸೇವೆಯ ಬಗ್ಗೆ. ಸಣ್ಣದೊಂದು ಅಪಘಾತವಾದಾಗ, ಅದೇ ದಾರಿಯಲ್ಲಿ ಹಿಂದಿನಿಂದ ಬರುತ್ತಿದ್ದ ಅಪರಿಚಿತ ಬೈಕ್ ಸವಾರರು ತಮ್ಮ ಪ್ರಯಾಣವನ್ನು ನಿಲ್ಲಿಸಿ ನನಗೆ ನೆರವಾದರು. ಒಂದು ಧನ್ಯವಾದ ಹೇಳಿ ಮುಗಿಸಬಹುದಾಗಿತ್ತು. ಆದರೆ ಅವರ ನೆರವಿನಲ್ಲಿ ಒಳ್ಳೆಯ ಮನಸ್ಸಿನ ಜೊತೆಗೆ ತಿಳಿವಳಿಕೆಯಿತ್ತು, ಅಭ್ಯಾಸವಿತ್ತು, ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ಕೈ ಹಾಕಲೇಬಾರದು ಎಂಬ ಖಚಿತವಾದ ಕ್ರಮವಿತ್ತು. ಆ ಕ್ರಮವನ್ನು ಬಿಡಿಸಿ ಹೇಳದೆ ಬರಿಯ ವಂದನೆ ಸಲ್ಲಿಸಿದರೆ ಅವರ ಕೆಲಸಕ್ಕೆ ನ್ಯಾಯ ಸಲ್ಲುವುದಿಲ್ಲವೆಂದು ನನಗೆ ಅನಿಸಿದೆ.

ಅಪಘಾತ ದೊಡ್ಡದೇನಲ್ಲ. ತಿರುವಿನಲ್ಲಿ ಚೆಲ್ಲಿಕೊಂಡಿದ್ದ ಸಣ್ಣ ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರಿತು, ಬೈಕ್ ಎಡಕ್ಕೆ ಮಲಗಿತು, ನಾನು ಅದರ ಹಿಂದೆಯೇ ಸ್ವಲ್ಪ ದೂರ ರಸ್ತೆಯ ಮೇಲೆ ಉಜ್ಜಿಕೊಂಡು ಹೋದೆ. ತಿರುವಿನಲ್ಲಿ ಬೈಕ್ ವಾಲಿರುವಾಗ ಟೈರು ರಸ್ತೆಯನ್ನು ಅಡ್ಡಲಾಗಿಯೂ ಹಿಡಿದುಕೊಂಡಿರಬೇಕಾಗುತ್ತದೆ; ಕಲ್ಲಿನ ಚೂರುಗಳು ಅದರ ಅಡಿಯಲ್ಲಿ ಉರುಳಿದಾಗ ಆ ಹಿಡಿತ ಒಮ್ಮೆಲೇ ತಪ್ಪುತ್ತದೆ, ಅದೂ ಮುಂದಿನ ಚಕ್ರವಾದರೆ ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಸವಾರರು ಇದನ್ನು ಲೋ ಸೈಡ್ ಎನ್ನುತ್ತಾರೆ. ಸವಾರನನ್ನು ಮೇಲಕ್ಕೆತ್ತಿ ಎಸೆಯುವ ಹೈ ಸೈಡ್‌ಗಿಂತ ಇದರಲ್ಲಿ ಪೆಟ್ಟು ಸಾಮಾನ್ಯವಾಗಿ ಕಡಿಮೆ. ಆದರೆ ಬಿದ್ದ ಮೇಲೆ ಹಿಂದಿನಿಂದ ಬರುವ ವಾಹನದ ಅಪಾಯ ಎರಡರಲ್ಲೂ ಒಂದೇ, ಮತ್ತು ನನ್ನ ಸಹ ಸವಾರರು ಮೊದಲು ಗಮನ ಕೊಟ್ಟಿದ್ದು ಆ ಅಪಾಯಕ್ಕೆ.

ನಾಲ್ಕೈದು ಮಂದಿಯ ಆ ಗುಂಪಿನಲ್ಲಿ ಎಲ್ಲರೂ ನನ್ನತ್ತ ಓಡಿ ಬರಲಿಲ್ಲ. ಇದನ್ನು ನಾನು ಅವರ ಸೇವೆಯ ಮೊದಲ ಗುಣವೆಂದು ಎಣಿಸುತ್ತೇನೆ. ಒಬ್ಬರು ತಿರುವಿನ ಆಚೆಗೆ, ಬರುವವರಿಗೆ ದೂರದಿಂದಲೇ ಕಾಣುವಂತೆ ರಸ್ತೆಯ ಅಂಚಿನಲ್ಲಿ ತಮ್ಮ ಬೈಕನ್ನು ನಿಲ್ಲಿಸಿ ಹಜಾರ್ಡ್ ದೀಪ ಹಾಕಿದರು. ಇನ್ನೊಬ್ಬರು ಬ್ಯಾಗಿನ ಹಳದಿ ರೇನ್ ಕವರನ್ನು ಬಿಚ್ಚಿಕೊಂಡು ಅದಕ್ಕೂ ಹಿಂದಕ್ಕೆ ನಡೆದು, ಅದನ್ನು ಬೀಸುತ್ತಾ ವಾಹನಗಳ ವೇಗ ತಗ್ಗಿಸತೊಡಗಿದರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ಅಡ್ಡಿಯನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದರಿಂದ ಒಂದೂವರೆ ಸೆಕೆಂಡ್ ಕಳೆದಿರುತ್ತದೆ, ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಮತ್ತೆ 20 ಮೀಟರಾದರೂ ಬೇಕು. ಒಟ್ಟು 40 ಮೀಟರಿನ ಆಸುಪಾಸಾಯಿತು. ಬಿದ್ದವನ ಪಕ್ಕದಲ್ಲೇ ನಿಂತು ಕೈ ಬೀಸುವುದರಿಂದ ತಿರುವಿನಲ್ಲಿ ಬರುವ ಕಾರನ್ನು ತಡೆಯಲಾಗದು. ಹಾಗೆ ನಿಂತವರು ತಾವೂ ಅಪಾಯಕ್ಕೆ ಒಳಗಾಗುತ್ತಾರೆ. ಈ ಲೆಕ್ಕವನ್ನು ಅವರು ಆಗ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲಿ ನಿಲ್ಲಬೇಕೆಂಬುದು ಅವರಿಗೆ ತಿಳಿದಿತ್ತು. ನೆರವಿಗೆ ನಿಲ್ಲುವವರಲ್ಲಿ ಬಹಳ ಮಂದಿ ಬಿಟ್ಟುಬಿಡುವ ಕೆಲಸವಿದು.

ನನ್ನ ಬಳಿಗೆ ಮೊದಲು ಬಂದವರು ಒಬ್ಬ ಮಹಿಳಾ ಸವಾರರು. ನಾನು ಏಳಲು ಹವಣಿಸುತ್ತಿದ್ದುದನ್ನು ಕಂಡು, “ಅಣ್ಣಾ, ಏಳಬೇಡಿ, ಹಾಗೇ ಇರಿ, ಮೊದಲು ನಾನು ಕೇಳುವುದಕ್ಕೆ ಉತ್ತರ ಕೊಡಿ” ಎಂದು ಭುಜದ ಮೇಲೆ ಕೈಯಿಟ್ಟರು. ಬಿದ್ದ ಕೂಡಲೇ ಎದ್ದು ನಿಂತು ಬೈಕಿನತ್ತ ಓಡಬೇಕೆನ್ನುವ ತುಡಿತ ಎಲ್ಲ ಸವಾರರಿಗೂ ಗೊತ್ತಿರುವಂಥದ್ದೇ. ಮೈಯಲ್ಲಿ ಉಕ್ಕುವ ಅಡ್ರಿನಲಿನ್ ನೋವನ್ನು ಕೆಲಕಾಲ ಮುಚ್ಚಿಡುವುದರಿಂದ, ಆಗ ಏನೂ ಆಗಿಲ್ಲವೆಂದೇ ಅನಿಸುತ್ತದೆ. ಅವರು ನನ್ನ ಹೆಸರು ಕೇಳಿದರು, ಎಲ್ಲಿಂದ ಹೊರಟಿದ್ದೆನೆಂದು ಕೇಳಿದರು, ಕುತ್ತಿಗೆಯಲ್ಲಿ ನೋವಿದೆಯೇ, ಬೆರಳುಗಳಲ್ಲಿ ಜುಮುಗುಡುವಿಕೆ ಇದೆಯೇ ಎಂದು ವಿಚಾರಿಸಿ, ಕೈಬೆರಳುಗಳನ್ನೂ ಪಾದಗಳನ್ನೂ ಒಂದೊಂದಾಗಿ ಆಡಿಸಲು ಹೇಳಿದರು. ಎಲ್ಲಕ್ಕೂ ಸಮರ್ಪಕ ಉತ್ತರ ಬರುವವರೆಗೆ ಯಾರೂ ನನ್ನ ಹೆಲ್ಮೆಟ್ ಮುಟ್ಟಲಿಲ್ಲ. ಸೇರಿದ ದಾರಿಹೋಕರಲ್ಲಿ ಒಬ್ಬರು ಗಾಳಿಯಾಡಲೆಂದು ಅದನ್ನು ಎಳೆಯಲು ಮುಂದಾದಾಗ ಅವರನ್ನು ವಿನಯದಿಂದಲೇ, ಆದರೆ ಗಟ್ಟಿಯಾಗಿ ತಡೆದರು.

ಈ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಪ್ರಜ್ಞೆ ತಪ್ಪಿರುವ ಸವಾರನ ಉಸಿರಾಟ ಸರಾಗವಾಗಿದ್ದರೆ ಹೆಲ್ಮೆಟನ್ನು ಹಾಗೆಯೇ ಬಿಟ್ಟು, ಮುಖದ ಗಾಜನ್ನಷ್ಟೇ ಮೇಲೆತ್ತಿ ಆಂಬ್ಯುಲೆನ್ಸಿಗಾಗಿ ಕಾಯುವುದು ಒಳ್ಳೆಯದು. ಉಸಿರಾಟಕ್ಕೆ ಅಡ್ಡಿಯಾಗಿದ್ದರೆ ಮಾತ್ರ ತೆಗೆಯಬೇಕು, ಅದೂ ಇಬ್ಬರು ಸೇರಿ: ಒಬ್ಬರು ದವಡೆಯನ್ನೂ ಕುತ್ತಿಗೆಯ ಹಿಂಭಾಗವನ್ನೂ ಅಲುಗಾಡದಂತೆ ಹಿಡಿದುಕೊಂಡಿರಬೇಕು, ಇನ್ನೊಬ್ಬರು ಪಟ್ಟಿ ಬಿಚ್ಚಿ, ಹೆಲ್ಮೆಟಿನ ಎರಡೂ ಬದಿಗಳನ್ನು ಹೊರಕ್ಕೆ ಅಗಲಿಸಿ, ನಿಧಾನವಾಗಿ ಜಾರಿಸಬೇಕು. ಕೆಲವು ಹೆಲ್ಮೆಟ್‌ಗಳಲ್ಲಿ ಕೆನ್ನೆಯ ಪ್ಯಾಡುಗಳನ್ನು ಕೆಳಗಿನಿಂದಲೇ ಎಳೆದು ತೆಗೆಯಲು ಕೆಂಪು ಪಟ್ಟಿಗಳಿರುತ್ತವೆ. ಅವು ಇರುವುದು ಇಂಥ ಹೊತ್ತಿಗಾಗಿಯೇ. ನನಗೆ ಪೂರ್ತಿ ಎಚ್ಚರವಿತ್ತು, ಕುತ್ತಿಗೆ ನೋವಿರಲಿಲ್ಲ, ಆದ್ದರಿಂದ ನಾನೇ ತೆಗೆದೆ. ಆಗಲೂ ಅವರ ಒಂದು ಅಂಗೈ ನನ್ನ ತಲೆಯ ಹಿಂದೆಯೇ ಇತ್ತು.

ಅವರ ಜಾಣ್ಮೆ ನನಗೆ ಪೂರ್ತಿ ಅರ್ಥವಾದದ್ದು ಎಡಗೈಯನ್ನು ಪರೀಕ್ಷಿಸಿದಾಗ. ಬೀಳುವಾಗ ನಾನು ಅಂಗೈ ಊರಿದ್ದೆ. ಮಣಿಕಟ್ಟು ಸ್ವಲ್ಪ ನೋಯುತ್ತಿತ್ತು, ಊತ ಇರಲಿಲ್ಲ, ಬೆರಳುಗಳೆಲ್ಲ ಆಡುತ್ತಿದ್ದವು. ಉಳುಕಿದೆಯೆಂದು ಹೇಳಿ ಅಲ್ಲಿಗೇ ಬಿಡಬಹುದಾದ ಸ್ಥಿತಿ. ಅವರು ನನ್ನ ಹೆಬ್ಬೆರಳನ್ನು ಹೊರಕ್ಕೆ ಚಾಚಲು ಹೇಳಿದರು. ಹಾಗೆ ಚಾಚಿದಾಗ ಹೆಬ್ಬೆರಳಿನ ಬುಡದಲ್ಲಿ, ಎರಡು ಸ್ನಾಯುರಜ್ಜುಗಳ ನಡುವೆ ಪುಟ್ಟದೊಂದು ಗುಳಿ ಮೂಡುತ್ತದೆ. ಆ ಗುಳಿಯೊಳಕ್ಕೆ ತಮ್ಮ ತೋರುಬೆರಳಿನ ತುದಿಯನ್ನಿಟ್ಟು ಮೆತ್ತಗೆ ಒತ್ತಿದರು. ನಾನು ಕೈ ಹಿಂದಕ್ಕೆ ಸೆಳೆದುಕೊಂಡೆ. ಬಲಗೈಯಲ್ಲಿ ಅದೇ ಜಾಗವನ್ನು ಅಷ್ಟೇ ಒತ್ತಿದಾಗ ಏನೂ ಅನಿಸಲಿಲ್ಲ. “ಇದನ್ನು ಉಳುಕು ಅಂತ ಬಿಡಬೇಡಿ, ಎಕ್ಸ್‌ರೇ ತೆಗೆಸಲೇಬೇಕು, ಅದರಲ್ಲಿ ಏನೂ ಕಾಣದಿದ್ದರೂ ಎರಡು ವಾರದೊಳಗೆ ಮತ್ತೊಮ್ಮೆ ತೋರಿಸಬೇಕು” ಎಂದರು.

ಆ ಗುಳಿಯ ಅಡಿಯಲ್ಲಿರುವುದು ಸ್ಕೇಫಾಯ್ಡ್ ಎಂಬ, ಗೋಡಂಬಿಯಂತಿರುವ ಸಣ್ಣ ಎಲುಬು. ಅಂಗೈ ಊರಿ ಬಿದ್ದವರಲ್ಲಿ ಮಣಿಕಟ್ಟಿನ ಸಣ್ಣ ಎಲುಬುಗಳ ಪೈಕಿ ಹೆಚ್ಚಾಗಿ ಮುರಿಯುವುದು ಇದೇ. ಮುರಿದ ಮೊದಲ ದಿನಗಳಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೆ ಹೋಗುವುದುಂಟು. ಅದಕ್ಕಾಗಿಯೇ ವೈದ್ಯರು ಅನುಮಾನವಿದ್ದಾಗ ಮಣಿಕಟ್ಟನ್ನು ಅಲುಗಾಡದಂತೆ ಕಟ್ಟಿ, 10ರಿಂದ 14 ದಿನಗಳ ನಂತರ ಮತ್ತೆ ಚಿತ್ರ ತೆಗೆಸುತ್ತಾರೆ. ಈ ಎಲುಬಿಗೆ ರಕ್ತ ಹರಿಯುವುದು ಬಹುಮಟ್ಟಿಗೆ ಬೆರಳುಗಳ ಕಡೆಯ ತುದಿಯಿಂದ ಹಿಂದಕ್ಕೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ನಿಲ್ಲಬಹುದು, ಚಿಕಿತ್ಸೆ ತಡವಾದರೆ ಎಲುಬು ಕೂಡದೆ ಹೋಗಬಹುದು. ಕ್ಲಚ್ ಹಿಡಿಯುವ ಕೈಯಲ್ಲಿ ಶಾಶ್ವತವಾದ ನೋವು ಉಳಿಯುವುದೆಂದರೆ ಸವಾರನಿಗೆ ಎಂಥ ನಷ್ಟವೆಂದು ವಿವರಿಸಬೇಕಾಗಿಲ್ಲ. ರಸ್ತೆಯ ಬದಿಯಲ್ಲಿ ಒಂದು ಬೆರಳಿನ ತುದಿಯಿಂದ ಅವರು ಮಾಡಿದ ಆ ಪರೀಕ್ಷೆಗೆ ನಾನು ಎಷ್ಟು ಋಣಿಯಾಗಿದ್ದರೂ ಸಾಲದು. ಆಮೇಲೆ ಒಂದು ರಟ್ಟಿನ ತುಂಡನ್ನು ಮಣಿಕಟ್ಟಿಗೆ ಆಸರೆಯಾಗಿಟ್ಟು ಕ್ರೇಪ್ ಬ್ಯಾಂಡೇಜ್ ಸುತ್ತಿದರು. ಸುತ್ತಿದ ಮೇಲೆ ನನ್ನ ಉಗುರೊಂದನ್ನು ಒತ್ತಿ ಬಿಟ್ಟು, ಬಿಳಿಚಿದ ಬಣ್ಣ ಎರಡು ಸೆಕೆಂಡಿನೊಳಗೆ ಕೆಂಪಾಗುತ್ತದೆಯೇ ಎಂದು ನೋಡಿ, ಕಟ್ಟು ಬಿಗಿಯಾಗಿಲ್ಲವೆಂದು ಖಾತ್ರಿ ಮಾಡಿಕೊಂಡರು.

ವಿಮರ್ಶೆಯೆಂದ ಮೇಲೆ ಕೊರತೆಯನ್ನೂ ಹೇಳಬೇಕು. ಅವರ ಪ್ರಥಮ ಚಿಕಿತ್ಸೆಯ ಚೀಲದಲ್ಲಿ ಹತ್ತಿ ಧಾರಾಳವಾಗಿತ್ತು, ಗಾಯಕ್ಕೆ ಅಂಟದ ಗಾಜ್ (ತೆಳು ಬಟ್ಟೆಯ) ಪ್ಯಾಡ್ ಇರಲಿಲ್ಲ. ಮೊಣಕಾಲಿನ ಕೆಳಗಿನ ತರಚು ಗಾಯವನ್ನು ಅವರು ಕುಡಿಯುವ ನೀರಿನಿಂದ ಸಾವಕಾಶವಾಗಿ ತೊಳೆದದ್ದು ಸರಿಯಾದ ಕ್ರಮ. ಸ್ಪಿರಿಟ್ ಸುರಿಯದೆ ಇದ್ದುದು ಇನ್ನೂ ಸರಿ, ಏಕೆಂದರೆ ಅದು ಉರಿಯುವುದಷ್ಟೇ ಅಲ್ಲ, ಮಾಯಬೇಕಾದ ಚರ್ಮಕ್ಕೂ ಹಾನಿ ಮಾಡುತ್ತದೆ. ಆದರೆ ಮೇಲೆ ಇಟ್ಟ ಹತ್ತಿಯ ಎಳೆಗಳು ಹಸಿ ಗಾಯಕ್ಕೆ ಅಂಟಿಕೊಂಡು, ಆಸ್ಪತ್ರೆಯಲ್ಲಿ ಅವನ್ನು ಬಿಡಿಸುವುದೇ ಒಂದು ಯಾತನೆಯಾಯಿತು. ಉದ್ದ ಪ್ರಯಾಣ ಹೊರಡುವ ಪ್ರತಿಯೊಂದು ಗುಂಪೂ ಹತ್ತಿಯ ಜಾಗದಲ್ಲಿ ಅಂಟದ ಪ್ಯಾಡುಗಳನ್ನು, ಸಣ್ಣ ಸಲೈನ್ ಬಾಟಲಿಯನ್ನು, ಒಂದೆರಡು ಜೊತೆ ರಬ್ಬರ್ ಕೈಗವಸುಗಳನ್ನು ಇಟ್ಟುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ. ಇವೆಲ್ಲ ಸೇರಿದರೂ ಟ್ಯಾಂಕ್ ಬ್ಯಾಗಿನ ಒಂದು ಮೂಲೆಯನ್ನು ತುಂಬುವುದಿಲ್ಲ.

ಬೈಕಿನ ಸರದಿ ಬಂದದ್ದು ಇಷ್ಟೆಲ್ಲ ಆದ ಮೇಲೆ. ಬಿದ್ದ ಬೈಕಿನಲ್ಲಿ ಆ ಕ್ಷಣವೇ ಮಾಡಬೇಕಾದ ಕೆಲಸವೊಂದಿದೆ, ಇಗ್ನಿಷನ್ ಆರಿಸುವುದು, ಪೆಟ್ರೋಲ್ ಸೋರುತ್ತಿದೆಯೇ ಎಂದು ನೋಡುವುದು. ಅದನ್ನು ಗುಂಪಿನ ಹಿರಿಯ ಸವಾರರೊಬ್ಬರು ಬಂದೊಡನೆಯೇ ಮಾಡಿ, ಹತ್ತಿರ ಯಾರೂ ಬೆಂಕಿ ಕಡ್ಡಿ ಗೀರದಂತೆ ಎಚ್ಚರಿಸಿದ್ದರು. ಎತ್ತುವ ಮೊದಲು ಬೈಕನ್ನೂ ಚೆಲ್ಲಿದ್ದ ಜಲ್ಲಿಯನ್ನೂ ರಸ್ತೆಯ ಮೇಲಿನ ಉಜ್ಜಿದ ಗುರುತನ್ನೂ ಬೇರೆ ಬೇರೆ ಕೋನಗಳಿಂದ ಫೋಟೋ ತೆಗೆದರು. ವಿಮೆಯವರು ಮುಂದೆ ಕೇಳುವುದು ಇದನ್ನೇ, ಬೈಕ್ ಸರಿಸಿದ ಮೇಲೆ ಅದು ಸಿಗುವುದಿಲ್ಲ. ಎಡಕ್ಕೆ ಬಿದ್ದ ಬೈಕಿನ ಸೈಡ್ ಸ್ಟ್ಯಾಂಡ್ ಅಡಿಯಲ್ಲೇ ಸಿಕ್ಕಿಕೊಂಡಿರುವುದರಿಂದ ಅದನ್ನು ಮೊದಲೇ ಬಿಡಿಸಿಡಲು ಆಗುವುದಿಲ್ಲ. ಹಾಗಾಗಿ ಗೇರಿನಲ್ಲಿಟ್ಟು, ಒಬ್ಬರು ಸೀಟಿಗೆ ಬೆನ್ನು ಕೊಟ್ಟು ಕಾಲಿನ ಬಲದಿಂದ ಎತ್ತಿದರು, ಇನ್ನೊಬ್ಬರು ಅದು ಆಚೆ ಬದಿಗೆ ಮಗುಚದಂತೆ ಬಲಗಡೆ ನಿಂತು ತಡೆದು ಹಿಡಿದರು. ಎತ್ತಿದವರ ಸೊಂಟ ಉಳುಕಿ ಅಪಘಾತಕ್ಕೆ ಎರಡನೆಯ ರೋಗಿ ಸೇರ್ಪಡೆಯಾಗುವುದನ್ನು ನಾನು ಬೇರೆಡೆ ಕಂಡಿದ್ದೇನೆ. ಇಲ್ಲಿ ಹಾಗಾಗಲಿಲ್ಲ.

ಅಲ್ಲಿದ್ದ ದಾರಿಹೋಕರು ಒಮ್ಮೆ ಸ್ಟಾರ್ಟ್ ಮಾಡಿ ನೋಡಿ ಎಂದು ಅವಸರಪಡಿಸುತ್ತಿದ್ದರೂ ಆ ಹಿರಿಯರು ಗುಂಡಿ ಒತ್ತಲಿಲ್ಲ. ಮಲಗಿದ್ದ ಎಂಜಿನ್ನಿನಲ್ಲಿ ಆಯಿಲ್ ಎಲ್ಲೆಲ್ಲಿಗೋ ಹರಿದಿರುತ್ತದೆ. ಅದು ಕೆಳಗಿಳಿಯುವವರೆಗೆ ನೆಟ್ಟಗೆ ನಿಲ್ಲಿಸಿ, ಮಟ್ಟ ನೋಡಿ, ಆಮೇಲಷ್ಟೇ ಸ್ಟಾರ್ಟ್ ಮಾಡಬೇಕು. ಫ್ಯೂಯೆಲ್ ಇಂಜೆಕ್ಷನ್ ಇರುವ ಬಹಳಷ್ಟು ಬೈಕುಗಳಲ್ಲಿ ವಾಲಿದ್ದನ್ನು ಗುರುತಿಸುವ ಸೆನ್ಸರ್ ಎಂಜಿನ್ನನ್ನು ತಾನೇ ನಿಲ್ಲಿಸಿರುತ್ತದೆ, ಬೀಗದ ಕೈಯನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡುವವರೆಗೂ ಅದು ಹೊತ್ತಿಕೊಳ್ಳುವುದಿಲ್ಲ. ಇದು ತಿಳಿಯದೆ ಬ್ಯಾಟರಿ ಇಳಿಯುವವರೆಗೆ ಸೆಲ್ಫ್ ಒತ್ತುವವರುಂಟು. ಕಾಯುವ ಆ ಹೊತ್ತಿನಲ್ಲಿ ಅವರು ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಕೇಬಲ್‌ಗಳು ಎಲ್ಲೂ ಸಿಕ್ಕಿಕೊಂಡಿಲ್ಲವೆಂದು ನೋಡಿದರು, ಆಕ್ಸಿಲರೇಟರ್ ತಿರುಗಿಸಿ ಬಿಟ್ಟಾಗ ತಾನಾಗಿಯೇ ಹಿಂದಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸಿದರು, ಮುಂದಿನ ಬ್ರೇಕ್ ಲಿವರನ್ನು ಹಲವು ಸಲ ಹಿಡಿದು ಅದು ಮೆತ್ತಗಾಗಿಲ್ಲವೆಂದು ಖಚಿತಪಡಿಸಿಕೊಂಡರು.

ಕ್ಲಚ್ ಲಿವರಿನ ಗುಂಡು ತುದಿ ಮುರಿದುಹೋಗಿತ್ತು. ಅದು ಮುರಿದದ್ದು ಲಿವರಿನಲ್ಲಿ ಮೊದಲೇ ಕೊರೆದಿದ್ದ ಸಣ್ಣ ಗೀರಿನ ಜಾಗದಲ್ಲಿ. ಬಿದ್ದಾಗ ಬುಡಕ್ಕೆ ಮುರಿಯದೆ ಅಲ್ಲೇ ಮುರಿಯಲಿ, ಬೆರಳುಗಳಿಗೆ ಸಾಕಷ್ಟು ಉದ್ದ ಉಳಿಯಲಿ ಎಂದು ಕೆಲವು ತಯಾರಕರು ಈ ಗೀರನ್ನು ಬಿಟ್ಟಿರುತ್ತಾರೆ. ಒಳಕ್ಕೆ ಬಾಗಿದ್ದ ಕಬ್ಬಿಣದ ಗೇರ್ ಲಿವರನ್ನು ಪೈಪ್ ಸ್ಪ್ಯಾನರ್ ತೂರಿಸಿ ಹೊರಕ್ಕೆ ಎಳೆದರು. ಅಲ್ಯೂಮಿನಿಯಮ್ ಆಗಿದ್ದರೆ ಎಳೆಯುತ್ತಿರಲಿಲ್ಲ, ಅದು ಬಾಗುವ ಬದಲು ಸೀಳುತ್ತದೆ ಎಂದರು. ಜೋತಾಡುತ್ತಿದ್ದ ಇಂಡಿಕೇಟರ್ ಎರಡು ಕೇಬಲ್ ಟೈಗಳಿಂದ ಮತ್ತೆ ತನ್ನ ಜಾಗಕ್ಕೆ ಬಂತು. ಹ್ಯಾಂಡಲ್ ನೇರವಾಗಿದ್ದರೂ ಮುಂದಿನ ಚಕ್ರ ಒಂದಿಷ್ಟು ಓರೆಯಾಗಿ ಕಾಣುತ್ತಿತ್ತು, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳು, ಅಂದರೆ ಫೋರ್ಕ್, ತನ್ನ ಹಿಡಿಕೆಗಳೊಳಗೆ ತಿರುಚಿಕೊಂಡಿತ್ತು. ಅದಕ್ಕೆ ಮಾತ್ರ ಅವರು ಕೈ ಹಾಕಲಿಲ್ಲ. ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ಜಗ್ಗಿ ನೇರ ಮಾಡುವವರಿದ್ದಾರೆ; ಆದರೆ ಬೋಲ್ಟುಗಳನ್ನು ಸಡಿಲಿಸಿ, ಸಾಲಿಗೆ ತಂದು, ಟಾರ್ಕ್ ವ್ರೆಂಚಿನಿಂದ ನಿಗದಿತ ಬಿಗಿತಕ್ಕೆ ಮತ್ತೆ ಬಿಗಿಯಬೇಕಾದ ಕೆಲಸವಿದು, ಗ್ಯಾರೇಜಿನಲ್ಲೇ ಆಗಲಿ ಎಂಬುದು ಅವರ ತೀರ್ಮಾನವಾಗಿತ್ತು. ಗೊತ್ತಿದ್ದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಕ್ಕಿಂತಲೂ, ಅಲ್ಲಿ ಮಾಡಬಾರದ ಕೆಲಸವನ್ನು ಮಾಡದೆ ಬಿಟ್ಟದ್ದಕ್ಕಾಗಿ ನಾನು ಅವರನ್ನು ಹೆಚ್ಚು ಗೌರವಿಸುತ್ತೇನೆ.

ನಾನು ಹಣ ಕಟ್ಟಿರುವ ರಸ್ತೆಬದಿ ನೆರವಿನ ಸೇವೆಯೂ ಒಂದಿದೆ. ಅದಕ್ಕೆ ಕರೆ ಮಾಡಿದಾಗ ಮೊದಲು ಕೇಳಿದ್ದು ಬೈಕಿನ ನೋಂದಣಿ ಸಂಖ್ಯೆ, ಅನಂತರ ಯೋಜನೆಯ ಸಂಖ್ಯೆ, ಅನಂತರ ಚಾಸಿ ಸಂಖ್ಯೆಯ ಕೊನೆಯ ಅಂಕಿಗಳು. ನನಗೆ ಪೆಟ್ಟಾಗಿದೆಯೇ ಎಂಬ ಪ್ರಶ್ನೆ ಬರಲೇ ಇಲ್ಲ. ಬೈಕನ್ನು ಹೊತ್ತೊಯ್ಯುವ ವಾಹನ ತಡವಾಗಿ ಬಂದರೂ ಅದರ ಚಾಲಕರು ತಮ್ಮ ಕೆಲಸ ಬಲ್ಲವರಾಗಿದ್ದರು, ಮುಂದಿನ ಸಸ್ಪೆನ್ಷನ್ ಸ್ವಲ್ಪ ಅದುಮುವಂತೆ ಎರಡೂ ಬದಿಗೆ ಸಮನಾಗಿ ಪಟ್ಟಿ ಬಿಗಿದರು. ಸೇವೆ ನಡೆಸುವವರಲ್ಲಿ ನನ್ನದೊಂದು ಕೋರಿಕೆಯಿದೆ: ಫೋನೆತ್ತಿದವರು ಕೇಳುವ ಮೊದಲ ಪ್ರಶ್ನೆ ಮನುಷ್ಯನ ಬಗ್ಗೆ ಇರಲಿ. ಆ ವಾಹನ ಬರುವವರೆಗೂ ಸಹ ಸವಾರರಲ್ಲಿ ಇಬ್ಬರು ನನ್ನ ಜೊತೆಗೇ ಉಳಿದರು. ಒಂದು ಕೈಯಲ್ಲಿ ಹೇಗೋ ಓಡಿಸಿಕೊಂಡು ಹೋಗುತ್ತೇನೆಂದ ನನ್ನ ಮಾತಿಗೆ ಅವರು ಒಪ್ಪಲಿಲ್ಲ. ತಲೆಗೆ ಪೆಟ್ಟು ಬಿದ್ದಿರಬಹುದಾದವರನ್ನು ಒಂಟಿಯಾಗಿ ಬಿಡಬಾರದು, ತಲೆನೋವು ಹೆಚ್ಚುವುದು, ವಾಂತಿ, ಮಂಪರು, ಮಾತು ತೊದಲುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು ಎಂದು ನನಗೂ ಹೇಳಿದರು, ಫೋನಿನಲ್ಲಿ ನನ್ನ ಮನೆಯವರಿಗೂ ಹೇಳಿದರು.

ತೊಟ್ಟಿದ್ದ ಉಡುಪಿನ ಬಗ್ಗೆ ಎರಡು ಮಾತು. ಜಾಕೆಟ್, ಸವಾರರ ರಕ್ಷಣಾ ಉಡುಪಿಗೆಂದಿರುವ ಯುರೋಪಿನ ಇಎನ್ 17092 ಮಾನದಂಡದ ಎಎ ದರ್ಜೆಯದು, ಅಂದರೆ ಅತ್ಯುನ್ನತವಾದ ಎಎಎಗಿಂತ ಒಂದು ಮೆಟ್ಟಿಲು ಕೆಳಗಿನದು. ಎಡ ಮೊಣಕೈಯ ಮೇಲೆ ಹೊರಬಟ್ಟೆ ಸವೆದು ಮಸುಕಾಗಿದೆ, ಹೊಲಿಗೆ ಒಂದೂ ಬಿಟ್ಟಿಲ್ಲ, ಒಳಗಿನ ಪ್ಯಾಡ್ ತನ್ನ ಜಾಗ ಬಿಟ್ಟು ಕದಲಿಲ್ಲ. ಕೈಗವಸಿನ ಅಂಗೈಯ ಬುಡದಲ್ಲಿರುವ ಗಟ್ಟಿ ತುಂಡು ರಸ್ತೆಗೆ ಕಚ್ಚಿಕೊಳ್ಳದೆ ಜಾರಿಕೊಂಡು ಹೋದ ಗುರುತು ಅದರ ಮೇಲೆ ಉದ್ದಕ್ಕೂ ಇದೆ. ಕೈಗವಸು ಕೊಳ್ಳುವವರು ಈ ತುಂಡು ಇದೆಯೇ ಎಂದು ನೋಡಿಯೇ ಕೊಳ್ಳಲಿ. ಪ್ಯಾಂಟಿನ ಬಗ್ಗೆ ಮಾತ್ರ ನನಗೆ ಅಸಮಾಧಾನವಿದೆ. ಮೊಣಕಾಲಿನ ಪ್ಯಾಡಿನ ಚೀಲ ಸಡಿಲವಾಗಿದ್ದುದರಿಂದ ಅದು ಬಿದ್ದ ಕ್ಷಣದಲ್ಲೇ ಮೇಲಕ್ಕೆ ಸರಿದು, ಕಾಯಬೇಕಾದ ಜಾಗವನ್ನು ಬರಿದಾಗಿ ಬಿಟ್ಟಿತು. ಪ್ಯಾಡ್ ಎಷ್ಟೇ ಉತ್ತಮ ದರ್ಜೆಯದಾದರೂ ಅದನ್ನು ಹಿಡಿದಿಡುವ ಚೀಲ ಬಿಗಿಯಾಗಿಲ್ಲದಿದ್ದರೆ ಪ್ರಯೋಜನವಿಲ್ಲ.

ಹೆಲ್ಮೆಟಿನ ಹಿಂಭಾಗದಲ್ಲಿ ಉಗುರಿನಷ್ಟು ಅಗಲದ ಉಜ್ಜಿದ ಕಲೆಯಿತ್ತು. ಹೊರಗೆ ಬಿರುಕಿಲ್ಲದಿದ್ದರೂ ಒಳಗಿನ ಇಪಿಎಸ್ (ಥರ್ಮೋಕೋಲಿನಂಥ ಗಟ್ಟಿ ನೊರೆ) ಪದರ ಪೆಟ್ಟನ್ನು ಹೀರಿಕೊಳ್ಳುವುದು ತಾನು ಜಜ್ಜಿಹೋಗುವ ಮೂಲಕ, ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಅದನ್ನು ಬಳಕೆಯಿಂದ ತೆಗೆದಿದ್ದೇನೆ. ಬ್ರಿಟನ್ನಿನ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಬೈಕ್ ಸವಾರರ ತಲೆಗಾಯಗಳನ್ನು ಅಭ್ಯಸಿಸಿ ಹೆಲ್ಮೆಟಿನ ಅಗತ್ಯವನ್ನು ವೈದ್ಯಲೋಕದ ಮುಂದಿಟ್ಟದ್ದು 1941ರಲ್ಲಿ. ಹೆಲ್ಮೆಟ್‌ಗಳಿಗೆಂದಿರುವ ಈಚಿನ ಇಸಿಇ 22.06 ಎಂಬ ಸುರಕ್ಷತಾ ಮಾನದಂಡ ನೇರವಾದ ಪೆಟ್ಟನ್ನಷ್ಟೇ ಅಲ್ಲದೆ, ತಲೆಯನ್ನು ತಿರುಚುವ ಓರೆಯಾದ ಪೆಟ್ಟನ್ನೂ ಪರೀಕ್ಷಿಸುತ್ತದೆ. ನನ್ನಂತೆ ಉಜ್ಜಿಕೊಂಡು ಬೀಳುವವರ ತಲೆಗೆ ತಗಲುವುದು ಹೆಚ್ಚಾಗಿ ಅಂಥ ಪೆಟ್ಟೇ ಆದ್ದರಿಂದ, ಹೊಸ ಹೆಲ್ಮೆಟನ್ನು ಆ ಗುರುತು ನೋಡಿಯೇ ಆರಿಸಿಕೊಂಡೆ.

ಮರುದಿನ ಅವರಲ್ಲೊಬ್ಬರು ಕರೆ ಮಾಡಿ ತಲೆನೋವು ಇದೆಯೇ, ಎಕ್ಸ್‌ರೇ ಆಯಿತೇ ಎಂದು ವಿಚಾರಿಸಿದರು. ಅವರೆಲ್ಲರಿಗೂ ನನ್ನ ಹೃತ್ಪೂರ್ವಕ ಕೃತಜ್ಞತೆಗಳು: ತಿರುವಿನಾಚೆ ಬಿಸಿಲಿನಲ್ಲಿ ಹಳದಿ ಬಟ್ಟೆ ಬೀಸುತ್ತಾ ನಿಂತು ನನ್ನ ಮುಖವನ್ನೂ ಸರಿಯಾಗಿ ನೋಡದೆ ಹೊರಟುಹೋದವರಿಗೆ, ಬೆರಳ ತುದಿಯಿಂದ ನನ್ನ ಕೈಯನ್ನು ಉಳಿಸಿಕೊಟ್ಟ ಅಕ್ಕನಿಗೆ, ಬೈಕಿನ ಪ್ರತಿಯೊಂದು ಕೀಲನ್ನೂ ಸ್ವಂತದ್ದೆಂಬಂತೆ ಪರೀಕ್ಷಿಸಿದ ಹಿರಿಯರಿಗೆ, ಕತ್ತಲಾಗುವವರೆಗೂ ಜೊತೆಗಿದ್ದ ಇಬ್ಬರಿಗೆ. ನೀವು ಹೇಳಿದಂತೆ ಮಣಿಕಟ್ಟಿಗೆ ಎರಡನೆಯ ಎಕ್ಸ್‌ರೇ ತೆಗೆಸಿದೆ, ಎಲುಬು ಮುರಿದಿಲ್ಲ. ಫೋರ್ಕ್ ಬಾಗಿರಲಿಲ್ಲ, ಗ್ಯಾರೇಜಿನವರು ಸಾಲಿಗೆ ತಂದು ಬಿಗಿದಿದ್ದಾರೆ. ಟೆಟನಸ್ ಚುಚ್ಚುಮದ್ದೂ ಆಗಿದೆ. ನಿಮ್ಮ ಚೀಲಕ್ಕೆಂದು ಅಂಟದ ಗಾಜ್ ಪ್ಯಾಡುಗಳ ಒಂದು ಪೊಟ್ಟಣವನ್ನು ತಂದಿಟ್ಟಿದ್ದೇನೆ, ಎಲ್ಲಿಗೆ ಕಳುಹಿಸಬೇಕೆಂದು ತಿಳಿಸಿ.